ಭತ್ತದ ಕಣದಲ್ಲಿ ಗಾಲಿ

ತ್ರಿವೇಣಿ ಬೆಂಗಳೂರಿನ ಸ್ಪರ್ಧೆಯಲ್ಲಿ ಬಿದ್ದ ಸುದ್ದಿ ಅವಳಿಗಿಂತ ಮೊದಲೇ ಕಂಪ್ಲಿ ಮುಟ್ಟಿತ್ತು. ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದರು. ಹಸಿರು ಬಟ್ಟೆಯ ಹುಡುಗಿಯೊಬ್ಬಳು ಕಾಲಿಗೆ ಗಾಲಿಬೂಟು ಕಟ್ಟಿಕೊಂಡು, ಹಾಡಿಗೆ ತಕ್ಕಂತೆ ಬಳುಕುತ್ತ ಬಂದು, ನೆಗೆದು ಗಾಳಿಯಲ್ಲೇ ಎರಡು ಸುತ್ತು ತಿರುಗಿ, ಇಳಿಯುವ ಹೊತ್ತಿಗೆ ಧೊಪ್ಪೆಂದು ನೆಲದ ಮೇಲೆ ಕೂತುಬಿಡುತ್ತಿದ್ದಳು. ಅವಳು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಗಿರಣಿಯ ಹಮಾಲರಿಂದ ಹಿಡಿದು ಹಾಲಿನವನ ತನಕ ಎಲ್ಲರೂ ಅದನ್ನು ನೋಡಿ, ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿ, ‘ಪಾಪ’ ಅಂದೂ ಆಗಿತ್ತು.

ಈ ‘ಪಾಪ’ ಒಂದನ್ನು ತ್ರಿವೇಣಿ ಸಹಿಸಳು. ಹದಿನೇಳರ ಹುಡುಗಿ, ಬೈದರೆ ತಿರುಗಿ ಬೈದಾಳು, ಹೊಡೆದರೆ ತಡೆದುಕೊಂಡಾಳು, ಕನಿಕರ ತೋರಿಸಿದರೆ ಮಾತ್ರ ಮೈಮೇಲೆ ಕೆಂಡ ಸುರಿದಂತೆ ಆಡುತ್ತಾಳೆ. ಚೀಲ ಒಗೆದು, ಮುಖ ತೊಳೆದು, ನೆಟ್ಟಗೆ ಅಡಿಗೆಮನೆಗೆ ಬಂದು ತಟ್ಟೆ ಹಾಕಿಕೊಂಡು ಕೂತಳು.

ಅಜ್ಜಿ ಸಂಗಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ತಾಯಿ ಗಂಗಾಂಬಿಕಾ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ತಂದೆ ಮಲ್ಲೇಶಪ್ಪ ಊಟಕ್ಕೆ ಕೂತವನು ಮಗಳ ಮುಖ ನೋಡಲಿಲ್ಲ.

“ಎಷ್ಟನೇದು ಬಂತು?” ಎಂದ, ಗೊತ್ತಿದ್ದೂ.

“ಎಂಟು.”

“ಆ ಟಿ.ಬಿ. ಡ್ಯಾಂ ಹುಡುಗಿ?”

“ದೇವಿಕಾ ನಾಕು.”

“ಮನ್ಯಾಗ ದಿನಾ ಎಗರ್ತಿ. ಒಮ್ಮಿನೂ ಬಿದ್ದಿಲ್ಲ. ಅಲ್ಲೇನಾತು?”

ತ್ರಿವೇಣಿ ರೊಟ್ಟಿ ಮುರಿಯುತ್ತ ನಿಜವನ್ನೇ ಹೇಳಿದಳು. “ನೆಲ ಜಲ್ದಿ ಬಂತಪ್ಪ.”

“ಏನು?”

“ನಾ ಇನ್ನೂ ತಿರುಗ್ತಿದ್ದೆ. ಅಷ್ಟ್ರಾಗ ನೆಲ ಬಂದುಬಿಡ್ತು.”

ಮಲ್ಲೇಶಪ್ಪನಿಗೆ ಸಿಟ್ಟಿನಲ್ಲೂ ನಗು ಬಂತು. “ಕೇಳ್ದೇನವ್ವಾ ನಿನ್ನ ಮೊಮ್ಮಗಳ ಮಾತು? ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ!”

ಸಂಗಮ್ಮನೂ ನಕ್ಕಳು. ಗಂಗಾಂಬಿಕಾ ನಗಲಿಲ್ಲ, ಆ ಹಸಿರು ಬಟ್ಟೆಗೆ ಹದಿನೈದು ದಿನ ಕೂತು ಮಣಿ ಹೊಲಿದವಳು ಅವಳು. “ಮಂದಿ ಕಣ್ಣು ತಾಗೇತಿ. ಸಂಜಿಗೆ ಉಪ್ಪು ಮೆಣಸಿನಕಾಯಿ ಇಳೆ ತಗೀತೀನಿ,” ಎಂದಳು.

“ಇಳೆ ತಗಿ, ಬ್ಯಾಡನ್ನಂಗಿಲ್ಲ,” ಎಂದ ಮಲ್ಲೇಶಪ್ಪ ಕೈ ತೊಳೆಯಲು ಎದ್ದವನು. “ಆದ್ರ ಒಂದು ಮಾತು. ಮೊದಲ ಮೂರು ಮಂದೀನ ರಾಜ್ಯದ ತಂಡಕ್ಕ ತಗೊಂಡಾರ. ಇನ್ನೊಂದ ಜಾಗ ಐತಿ, ಅದಕ್ಕ ಡಿಸೆಂಬರ್ ಕಡೀಗೆ ದಾವಣಗೆರಿಯಾಗ ಪರೀಕ್ಷೆ. ಆ ಜಾಗ ಸಿಕ್ರ ಆಡು. ಸಿಗದಿದ್ರ ಬೂಟು ಅಟ್ಟಕ್ಕ ಏರ್ಲಿ, ಪುಸ್ತಕ ಕೆಳಗಿಳೀಲಿ. ಎರಡು ದೋಣಿ ಮ್ಯಾಲ ಕಾಲಿಟ್ಟಿದ್ದು ಸಾಕು.”

“ಸಿಗ್ತತಿ,” ಎಂದಳು ತ್ರಿವೇಣಿ. ಎಂಟನೆಯವಳಾಗಿ ಬಂದ ಹುಡುಗಿಗೆ ಇಷ್ಟು ಧಿಮಾಕು ಎಲ್ಲಿಂದ ಬಂತೆಂದು ಕೇಳಬೇಡಿ. ಅಪ್ಪನ ಮಗಳು.

ಈ ಮನೆಗೂ ಗಾಲಿಗೂ ಎಲ್ಲಿಂದೆಲ್ಲಿಯ ನಂಟು? ಕಣದಿಂದ. ಮಲ್ಲೇಶಪ್ಪನದು ಕುಸುಬಲಕ್ಕಿ ಗಿರಣಿ. ಭತ್ತವನ್ನು ಬೇಯಿಸಿ, ಸಿಮೆಂಟಿನ ಕಣದಲ್ಲಿ ಹರಡಿ ಒಣಗಿಸಿ, ಆಮೇಲೆ ಅಕ್ಕಿ ಮಾಡುವ ಕೆಲಸ. ಮನೆಯ ಹಿತ್ತಲಿಗೆ ಹೊಂದಿಕೊಂಡೇ ಆ ಕಣ. ಕಂಪ್ಲಿಯ ಯಾವ ಗಿರಣಿಯಲ್ಲೂ ಅಂಥದ್ದಿಲ್ಲವೆಂದು ಅವನ ಹೆಮ್ಮೆ. ಮೇಸ್ತ್ರಿಯ ಬೆನ್ನ ಹಿಂದೆ ತಾನೇ ನಿಂತು ಕಟ್ಟಿಸಿದ್ದ. ವರ್ಷಾನುಗಟ್ಟಲೆ ಭತ್ತ ಎಳೆದಾಡಿ ಆ ನೆಲ ಕನ್ನಡಿಯಂತೆ ನುಣುಪಾಗಿತ್ತು. ಹತ್ತು ವರ್ಷದವಳಿದ್ದಾಗ ತ್ರಿವೇಣಿ ಯಾರದೋ ಹಳೇ ಗಾಲಿಬೂಟು ಕಟ್ಟಿಕೊಂಡು ಅದರ ಮೇಲೆ ಜಾರಿದವಳು ಇನ್ನೂ ನಿಂತಿಲ್ಲ.

ಕಲಿಸುವವರು ಹೊಸಪೇಟೆಯ ಈಶ್ವರ್ ಸರ್. ಅವರ ಉಳಿದ ಮಕ್ಕಳೆಲ್ಲ ಟಿ.ಬಿ. ಡ್ಯಾಂನ ಸಮುದಾಯ ಭವನದಲ್ಲಿ ಕಲಿಯುತ್ತಿದ್ದರು. ತ್ರಿವೇಣಿಯನ್ನೂ ಅಲ್ಲಿಗೇ ಕಳಿಸಿ ಎಂದು ಅವರು ಮೊದಲೇ ಕೇಳಿದ್ದರು. ಮಲ್ಲೇಶಪ್ಪ ಒಪ್ಪಿರಲಿಲ್ಲ. “ಮನ್ಯಾಗ ಇಷ್ಟು ದೊಡ್ಡ ಕಣ ಇಟ್ಕೊಂಡು ಮಂದಿ ಹಾಲಿಗೆ ಯಾಕ್ ಕಳಿಸ್ಲಿ ಸರ್? ನೀವ ಬರ್ರಿ, ಗಾಡಿಗೆ ಎಣ್ಣಿ ನಾ ಹಾಕಿಸ್ತೀನಿ,” ಎಂದಿದ್ದ. ಹಾಗಾಗಿ ಬುಧವಾರ, ಶನಿವಾರ ಸರ್ ಬೈಕಿನಲ್ಲಿ ಕಂಪ್ಲಿಗೆ ಬರುತ್ತಿದ್ದರು. ಒಂದು ಸುತ್ತಿನ ನೆಗೆತವನ್ನು ತ್ರಿವೇಣಿ ಎಲ್ಲಿ ಬೇಕಾದರೂ ಮಾಡುತ್ತಿದ್ದಳು. ಎರಡು ಸುತ್ತಿನದು, ಅವರ ಬಾಯಲ್ಲಿ ಬರೀ ‘ಡಬಲ್’, ಈ ವರ್ಷ ಕಲಿತದ್ದು. ಕಣದಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಇಳಿಯುತ್ತಿದ್ದಳು. ಹೊರಗೆ ಮಾಡಿದ್ದು ಬೆಂಗಳೂರಿನಲ್ಲೇ ಮೊದಲು.

“ಟೆನ್ಶನ್. ಬರೇ ಟೆನ್ಶನ್,” ಎಂದರು ಸರ್ ವಿಡಿಯೋ ನೋಡಿ. ತನಗೆ ಟೆನ್ಶನ್ ಇರಲಿಲ್ಲವೆಂದು ತ್ರಿವೇಣಿ ಹೇಳಿದರೆ ಯಾರೂ ನಂಬಲಿಲ್ಲ.

ನವೆಂಬರಿನಲ್ಲಿ ಹೊಸ ಭತ್ತ ಬಂತು. ಬಂತೆಂದರೆ ಮನೆಯಲ್ಲಿ ಯಾರಿಗೂ ಕೈ ಬಿಡುವಿಲ್ಲ. ಹಗಲೆಲ್ಲ ಕಣದ ತುಂಬ ಬೆಂದ ಭತ್ತ; ಸಂಜೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಿದ್ದರು. ಹಮಾಲರು ನಡುಗಣದಲ್ಲೇ ಗುಡ್ಡೆ ಹಾಕಿ ಹೋದ ದಿನ ತ್ರಿವೇಣಿ ರಂಪ ಎಬ್ಬಿಸಿದಳು.

“ನಾ ಎಲ್ಲಿ ಆಡ್ಲಿ? ಗೋಡಿ ಮ್ಯಾಲೇನ?”

“ಕಣ ಇರೋದು ಭತ್ತಕ್ಕಲೇ! ಭತ್ತ ಇದ್ರ ನಿನ್ನ ಬೂಟು, ನಿನ್ನ ಬೆಂಗಳೂರು,” ಎಂದ ಮಲ್ಲೇಶಪ್ಪ.

“ಗುಡ್ಡಿ ಗೋಡಿ ಬದಿಗೆ ಹಾಕಿದ್ರ ಭತ್ತ ಮುನಿಸ್ಕೊಂತತೇನ್ರಿ?” ಗಂಗಾಂಬಿಕಾ ಒಳಗಿನಿಂದಲೇ ಕೇಳಿದಳು.

“ಅಷ್ಟು ದೂರ ಎಳಿಯೋರ್ಯಾರು? ನೀ ಎಳೀತಿಯೇನ?”

ಸಂಗಮ್ಮ ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟಳು. “ಸಂಜಿಗೆ ಆಕೀನೂ ಭತ್ತ ಎಳಿಯೋ ಹಲಿವಿ ಹಿಡೀಲಿ. ಹಮಾಲ್ರ ಕೂಡ ಎಳೀಲಿ. ಗುಡ್ಡಿ ಗೋಡಿ ಬದಿಗೆ ಬೀಳ್ಲಿ. ಮುಂಜಾನಿ ಕಸಬರಿಗಿ ತಾನ ಹಿಡೀಲಿ. ಎಂಟು ಗಂಟಿಗೆ ಭತ್ತ ಹರಡಬೇಕಂದ್ರ ಹರಡ್ಬೇಕು. ಮುಗೀತಿಲ್ಲ?”

ಮುಗಿಯಿತು. ಮರುದಿನದಿಂದ ತ್ರಿವೇಣಿ ಕತ್ತಲೆ ಹರಿಯುವ ಮೊದಲೇ ಕಣ ಗುಡಿಸತೊಡಗಿದಳು. ಹೆಸರಿಗೆ ಗುಡಿಸಿದರೆ ನಡೆಯದು. ಒಂದು ಕಾಳು ಗಾಲಿಗೆ ಸಿಕ್ಕರೂ ಹಲ್ಲು ಉದುರುತ್ತವೆ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಅಪ್ಪ ಗೆದ್ದಂತೆ.

ಕಸಬರಿಗೆಗೆ ಜೊತೆಗಾತಿ ಬಂದದ್ದು ಆ ತಿಂಗಳ ಕೊನೆಯ ವಾರ. ಲಗ್ನದ ಕಾಲ, ಡ್ಯಾಂನ ಸಮುದಾಯ ಭವನ ಒಂದು ದಿನವೂ ಖಾಲಿ ಇಲ್ಲ. ಈಶ್ವರ್ ಸರ್ ಮಲ್ಲೇಶಪ್ಪನನ್ನು ಕಂಡು, “ದೇವಿಕಾಗೂ ನಿಮ್ಮ ಕಣದಾಗ ಜಾಗ ಕೊಡ್ತೀರೇನ್ರಿ? ಆಕಿ ಚಿಗವ್ವ ಇಲ್ಲೇ ಕಂಪ್ಲಿ ಕೋಟಿಯಾಗ ಅದಾಳ, ಅಲ್ಲೇ ಇರ್ತಾಳ,” ಎಂದು ಕೇಳಿದರು. ಮಲ್ಲೇಶಪ್ಪ ಸರ್ ಎದುರು ಇಲ್ಲ ಎನ್ನಲಾರದೆ ಹೂಂ ಅಂದು, ಒಳಗೆ ಬಂದು ಹೆಂಡತಿಯ ಮುಂದೆ ಹಾರಾಡಿದ. “ನಮ್ಮ ಕಣದಾಗ ಕಲ್ತು ನಮ್ಮ ಮಗಳ್ನ ಸೋಲಸ್ತಾಳ. ಹಾವಿಗೆ ಹಾಲೆರೆದಂಗಾತು!”

“ಬರ್ಲಿ ಬಿಡಪ್ಪ,” ಎಂದಳು ತ್ರಿವೇಣಿ. “ಎದುರಿಗಿದ್ರ ಆಕಿ ಏನು ಮಾಡ್ತಾಳ ಅಂತ ನನಗೂ ಗೊತ್ತಾಗ್ತತಿ.”

ದೇವಿಕಾ ಬಂದಳು. ಉದ್ದ ಕಾಲಿನ, ಮಾತು ಕಡಿಮೆಯ ಹುಡುಗಿ. ಅವಳ ಅಪ್ಪ ಅಂಜಿನಯ್ಯ ಡ್ಯಾಂನ ಕಾಲುವೆ ಕಚೇರಿಯಲ್ಲಿ ಕೆಲಸಕ್ಕಿದ್ದ, ಸಮುದಾಯ ಭವನದ ಉಸ್ತುವಾರಿಯೂ ಅವನದೇ. ಇಬ್ಬರೂ ಹೊಸಪೇಟೆಯ ಒಂದೇ ಕಾಲೇಜು. ಕಣದಿಂದ ಒಂದೇ ಬಸ್ಸಿಗೆ ಹೋಗುತ್ತಿದ್ದರು, ಒಬ್ಬಳು ಮುಂದೆ, ಒಬ್ಬಳು ಹಿಂದೆ ಕೂತು. ಗುಡಿಸುವಾಗ ಕಣದ ನಡುವೆ ಕಾಣದ ಗೆರೆಯೊಂದಿತ್ತು. ಇವಳ ಪಾಲಿನ ಕಸ ಅವಳು ಮುಟ್ಟಳು, ಅವಳ ಪಾಲಿನದು ಇವಳು.

ಸಂಗಮ್ಮನಿಗೆ ಇದು ಸರಿಬರಲಿಲ್ಲ. ಮೂರನೆಯ ದಿನ ಇಬ್ಬರನ್ನೂ ಹಿಡಿದು ಅಡಿಗೆಮನೆಯಲ್ಲಿ ಕೂರಿಸಿದಳು. “ಮನಿಗೆ ಬಂದ ಹುಡುಗಿ ಹಸಕೊಂಡು ಬಸ್ ಹತ್ತೋದು ನಮ್ಮನ್ಯಾಗ ನಡಿಯಂಗಿಲ್ಲ. ಕುಂದ್ರವ್ವ. ಮಂಡಕ್ಕಿ ಒಗ್ಗರಣಿ ತಿನ್ನು.”

ದೇವಿಕಾ ತಿಂದಳು. “ಭಾಳ ಚಲೋ ಐತಜ್ಜಿ,” ಎಂದಳು.

“ಆಟದಾಗ ಅಷ್ಟು ಸುತ್ತಾಕಿ, ಮೆಣಸಿನಕಾಯಿ ಮಾತ್ರ ಮುಟ್ಟಿಲ್ಲಲ್ಲ ನೀನು?”

“ಖಾರ ತಿಂದ್ರ ಹೊಟ್ಟಿ ಉರೀತತಿ.”

“ನಮ್ಮಾಕಿಗೆ ತಿನ್ನದಿದ್ರ ಉರೀತತಿ,” ಎಂದಳು ಸಂಗಮ್ಮ. ತ್ರಿವೇಣಿ ದೇವಿಕಾಳ ತಟ್ಟೆಯಿಂದ ಮೆಣಸಿನಕಾಯಿ ಎತ್ತಿಕೊಂಡು ತಿಂದಳು. ಅವರಿಬ್ಬರ ನಡುವೆ ಮೊದಲ ವ್ಯವಹಾರ ಆದದ್ದು ಅಷ್ಟೇ.

ಮೊದಲ ಕೆಲವು ದಿನ ದೇವಿಕಾ ಡಬಲ್ ಮಾಡಲಿಲ್ಲ, ನೆಲ ಪಳಗಲಿ ಎಂದು ಸುಮ್ಮನಿದ್ದಳು. ಒಂದು ಶನಿವಾರ, ಸರ್ ಹೇಳಿಕೊಟ್ಟು ಹೊರಟುಹೋದ ಮೇಲೆ, ತಾನೇ ಮನಸ್ಸು ಮಾಡಿ ಗೋದಾಮಿನ ಕಡೆಯಿಂದ ಗಟಾರದ ಕಡೆಗೆ ಜಾರಿ ಬಂದು ನೆಗೆದಳು. ತ್ರಿವೇಣಿ ತನ್ನ ಆಟ ಬಿಟ್ಟು ನೋಡಿದಳು. ಎರಡು ಸುತ್ತು ಚೊಕ್ಕವಾಗಿ ಮುಗಿದವು. ಮುಗಿದ ಮೇಲೂ ದೇವಿಕಾ ತಿರುಗುತ್ತಲೇ ಇದ್ದಳು. ಮಗ್ಗುಲಾಗಿ ಬಿದ್ದಳು. ಎದ್ದು ಮತ್ತೆ ನೆಗೆದಳು, ಮತ್ತೆ ಬಿದ್ದಳು. ಇನ್ನೊಮ್ಮೆಯೂ ಹಾಗೇ.

ಡಬಲ್ ಎಂದರೆ ದೇವಿಕಾ, ದೇವಿಕಾ ಎಂದರೆ ಡಬಲ್. ಅವಳು ಬೀಳುವುದನ್ನು ತ್ರಿವೇಣಿ ಕಂಡಿರಲೇ ಇಲ್ಲ.

“ಏನಾತ?” ಎಂದು ಕೇಳಿದಳು.

ದೇವಿಕಾ ಮೊಣಕೈ ಒರೆಸಿಕೊಳ್ಳುತ್ತ, ಯಾರಿಗೋ ಅನ್ನುವಂತೆ ಅಂದಳು. “ಗೊತ್ತಿಲ್ಲ. ಕಾಲು ಇಡಾಕ ಹೋದ್ರ ನೆಲಾನ ಇಲ್ಲ. ತಡಾಗಿ ಬಂತು.”

ತ್ರಿವೇಣಿ ಬಾಗಿ ನೆಲ ನೋಡಿದಳು. ತನಗೆ ಬೇಗ ಬಂದ ನೆಲ ಇವಳಿಗೆ ತಡವಾಗಿ ಬಂದಿತ್ತು.

ಅವತ್ತು ಅವಳು ಕಾಲೇಜು ತಪ್ಪಿಸಿದಳು. ದೇವಿಕಾ ಒಬ್ಬಳೇ ಬಸ್ಸಿಗೆ ಹೋದ ಮೇಲೆ ಒಂದು ಕೊಡ ನೀರು ತಂದು ಗೋದಾಮಿನ ಬಾಗಿಲಲ್ಲಿ ಸುರಿದಳು. ನೀರು ಎಲ್ಲೂ ನಿಲ್ಲದೆ, ಅವಳು ದಿನಾ ಜಾರಿ ಬರುವ ದಾರಿಯಲ್ಲೇ ಸರಸರ ಹರಿದು ಗಟಾರ ಸೇರಿತು. ಕಣಕ್ಕೆ ಇಳಿಜಾರು ಇರುವುದು ಆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮಳೆ ನೀರು ನಿಂತರೆ ಭತ್ತ ಮೊಳೆಯುತ್ತದೆ, ಅದಕ್ಕೇ ಇಳಿಜಾರು. ಗೊತ್ತಿದ್ದದ್ದಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಳಿಜಾರಿನಲ್ಲಿ ನೆಗೆದರೆ ಇಳಿಯುವ ಜಾಗ ಏರಿದ ಜಾಗಕ್ಕಿಂತ ಕೆಳಗೆ. ಒಂದು ಗಳಿಗೆ ಹೆಚ್ಚು ಸಿಗುತ್ತದೆ, ವೇಗವೂ ಬಿಟ್ಟಿ. ತ್ರಿವೇಣಿ ಡಬಲ್ ಕಲಿತದ್ದು ಆ ಬಿಟ್ಟಿ ಗಳಿಗೆಯ ಮೇಲೆ. ಬೆಂಗಳೂರಿನ ಸಪಾಟು ನೆಲ ಅದನ್ನು ಕೊಡಲಿಲ್ಲ. ಸಪಾಟಿನಲ್ಲಿ ಕಲಿತ ದೇವಿಕಾಗೆ ಇಲ್ಲಿ ಅದು ಬೇಡದೆ ಬಂತು.

ಮಧ್ಯಾಹ್ನದ ಊಟಕ್ಕೆ ತ್ರಿವೇಣಿ ಮೂವರ ಮುಂದೆಯೂ ಇದನ್ನು ಬಿಚ್ಚಿಟ್ಟಳು.

ಮಲ್ಲೇಶಪ್ಪ ಕೆಂಡವಾದ. “ನನ್ನ ಕಣ ಡೊಂಕ ಅಂತಿಯೇನ? ಡೊಂಕಲ್ಲ ಅದು, ಇಳಿಜಾರು! ದಾರ ಹಿಡಿದು ಕಟ್ಸೀನಿ!”

“ದಾರ ಹಿಡಿದ ಡೊಂಕ ಮಾಡ್ಸೀದಿ ಅಂತಾಳಪ್ಪ,” ಎಂದು ಸಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಯವ್ವ ಯವ್ವ! ಕುಣಿಯಾಕ ಬರಾಕಿನ್ನ ನಾವು ಬರದಾಕಿ ಅಂದ್ವಲ್ಲ!”

ನಗು ಇಳಿದ ಮೇಲೆ ಗಂಗಾಂಬಿಕಾ ಮಗಳಿಗೆ ಮಜ್ಜಿಗೆ ಬಡಿಸುತ್ತ ಮೆಲ್ಲಗೆ ಕೇಳಿದಳು. “ಆ ಹುಡುಗಿಗೆ ಹೇಳಿಯೇನ?”

“ಇಲ್ಲ.”

“ಹೇಳಬ್ಯಾಡ,” ಎಂದ ಮಲ್ಲೇಶಪ್ಪ ಥಟ್ಟನೆ. ಅವನಿಗೆ ಒಮ್ಮೆಲೇ ಆ ಇಳಿಜಾರಿನ ಮೇಲೆ ಪ್ರೀತಿ ಉಕ್ಕಿತ್ತು. “ಇರೋದು ಒಂದ ಜಾಗ. ಭತ್ತ ಎಷ್ಟೊತ್ತು ಬೇಯಿಸ್ತೀನಂತ ನಾ ಪಕ್ಕದ ಗಿರಣಿಯವ್ನಿಗೆ ಹೇಳ್ತೀನೇನ? ನೀನೇನು ಆಕೀನ ನೂಕಿಲ್ಲ, ಕೆಡವಿಲ್ಲ. ತಾನ ಬಿದ್ಲು.”

“ನಮ್ಮ ಕಣದಾಗ ಬಿದ್ಲು,” ಎಂದಳು ಸಂಗಮ್ಮ. ಅವಳ ನಗು ನಿಂತಿತ್ತು. “ನಮ್ಮನ್ಯಾಗ ಉಂಡ ಕೂಸದು, ಮಲ್ಲೇಶ.”

“ಉಣಿಸಿದ್ದು ನೀನು. ಸೋಲೋದು ನನ್ನ ಮಗಳೇನ?”

“ಹೇಳ್ಲಿ,” ಎಂದಳು ಗಂಗಾಂಬಿಕಾ. “ಆದ್ರ ದಾವಣಗೆರಿ ಆದಮ್ಯಾಲ ಹೇಳ್ಲಿ.”

ಮೂವರೂ ತ್ರಿವೇಣಿಯನ್ನು ನೋಡಿದರು. ಅವಳು ಮಜ್ಜಿಗೆ ಕುಡಿದು ಎದ್ದುಹೋದಳು. ಅವತ್ತು ಅವಳ ಮನಸ್ಸು ಅಪ್ಪನ ಕಡೆಗೇ ಇತ್ತು, ಮುಚ್ಚುಮರೆ ಯಾಕೆ? ಎಂಟನೆಯವಳು ಅನ್ನಿಸಿಕೊಂಡವಳಿಗೆ ಎದುರಾಳಿ ತಾನಾಗಿಯೇ ಕುಸಿಯುವುದನ್ನು ನೋಡುವುದು ಹೋಳಿಗೆಗಿಂತ ಸಿಹಿ.

ಮುಂದಿನ ದಿನಗಳಲ್ಲಿ ಆ ಸಿಹಿ ಕೆಟ್ಟಿತು. ದೇವಿಕಾ ದಿನಾ ಬಂದಳು, ದಿನಾ ಬಿದ್ದಳು. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ನೆಗೆದಳು. ಆಮೇಲೆ ನೆಗೆಯುವ ಮೊದಲೇ ಕಣ್ಣು ಮುಚ್ಚತೊಡಗಿದಳು. ತ್ರಿವೇಣಿ ಮಾತ್ರ ಅದೇ ನೆಲದಲ್ಲಿ ಅಷ್ಟೇ ಚೆಂದ ಇಳಿಯುತ್ತಿದ್ದಳು. ಇಳಿದಾಗಲೆಲ್ಲ ತನಗೇ ನಾಚಿಕೆ.

ಬುಧವಾರ ಈಶ್ವರ್ ಸರ್ ಬಂದು ನೋಡಿದರು. ದೇವಿಕಾಳನ್ನು ಪಕ್ಕಕ್ಕೆ ಕರೆದು, “ಡಬಲ್ ಬಿಟ್ಟುಬಿಡು. ದಾವಣಗೆರಿಯಾಗ ಸಿಂಗಲ್ ಹಾಕು. ಮನಸು ಒಮ್ಮೆ ಹೆದರಿದ್ರ ಕಷ್ಟ,” ಎಂದರು. ದೇವಿಕಾ ತಲೆಯಾಡಿಸಿದಳು. ಬೂಟಿನ ದಾರ ಬಿಚ್ಚತೊಡಗಿದಳು, ಸುಮ್ಮನೆ, ಮುದುಕಿಯಂತೆ.

ಅದನ್ನು ತ್ರಿವೇಣಿಗೆ ನೋಡಲಾಗಲಿಲ್ಲ. ಕರುಣೆಯಿಂದಲ್ಲ, ಸಿಟ್ಟಿನಿಂದ. ನಾಲ್ಕು ವರ್ಷದಿಂದ ತಾನು ಸೋಲಿಸಬೇಕೆಂದು ಹೊಂಚುಹಾಕಿದ್ದು ಈ ಮುದುಕಿಯನ್ನಲ್ಲ.

“ಸರ್, ಆಕಿ ಹೆದರಿಲ್ಲ,” ಎಂದಳು ಜೋರಾಗಿ. “ಕಣಕ್ಕ ಇಳಿಜಾರು ಐತಿ.”

ಸರ್‌ಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಹಣೆ ಹಣೆ ಬಡಿದುಕೊಂಡರು. ದೇವಿಕಾ ಮಾತ್ರ ನಂಬಲಿಲ್ಲ.

“ನನ್ನ ಕೆಡಸಾಕ ಹೇಳ್ತಿಯೇನ?”

ತ್ರಿವೇಣಿ ಮತ್ತೊಂದು ಕೊಡ ನೀರು ಸುರಿದು ತೋರಿಸಿದಳು. ದೇವಿಕಾ ನೀರಿನ ಹಿಂದೆಯೇ ಗಟಾರದ ತನಕ ನಡೆದು ಹೋಗಿ ತಿರುಗಿ ಬಂದಳು.

“ಯಾವಾಗ ಗೊತ್ತಾತು ನಿನಗ?”

“ಶನಿವಾರ.”

“ನಾಕು ದಿನ ನಾ ಬೀಳೋದು ನೋಡ್ಕೊಂತ ನಿಂತಿದ್ದಿ?”

“ಹೂಂ.”

ದೇವಿಕಾ ಅವಳ ಕೆನ್ನೆಗೆ ಬಾರಿಸುತ್ತಾಳೆಂದು ಸರ್ ನಡುವೆ ಬಂದರು. ಅವಳು ಬಾರಿಸಲಿಲ್ಲ. ಬೂಟು ಚೀಲಕ್ಕೆ ತುರುಕಿ, ಒಗ್ಗರಣೆಗೂ ನಿಲ್ಲದೆ ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

“ಉಪಕಾರ ಮಾಡಿದ್ದಕ್ಕ ಇದು ಇನಾಮು,” ಎಂದ ಮಲ್ಲೇಶಪ್ಪ ರಾತ್ರಿ ಊಟಕ್ಕೆ. “ಗುಟ್ಟೂ ಹೋತು, ಗೆಳೆತನಾನೂ ಇಲ್ಲ. ಈಗೇನು ಮಾಡ್ತಿ? ನಿನಗ ಸಪಾಟ ನೆಲ ಎಲ್ಲೈತಿ?”

ಅದು ನಿಜವಾದ ಪ್ರಶ್ನೆ. ಮನೆಯ ಗೋದಾಮು ಮೂಟೆಗಳಿಂದ ತುಂಬಿ ತುಳುಕುತ್ತಿತ್ತು. ಊರಿನ ರಸ್ತೆಗಳ ಗುಣ ಹೇಳುವುದೇ ಬೇಡ. ಉತ್ತರ ಬಂದದ್ದು ಸಂಗಮ್ಮನ ಬಾಯಿಂದ, ಅದೂ ಸಜ್ಜೆ ಆರಿಸುತ್ತ. “ಬರೋ ವಾರ ಧನುರ್ಮಾಸ ಹಿಡೀತತಿ. ಲಗ್ನ ಮುಂಜಿ ಬಂದ್. ಆ ಡ್ಯಾಂ ಹಾಲ್ ಖಾಲಿ ಬಿದ್ದಿರ್ತತಿ.”

ಎಲ್ಲರೂ ಮಲ್ಲೇಶಪ್ಪನ ಕಡೆ ತಿರುಗಿದರು. ಅವನು ರೊಟ್ಟಿಯನ್ನೇ ನೋಡುತ್ತ ಕೂತ.

“ಅಂಜಿನಯ್ಯನ್ನ ಕೇಳಬೇಕಾಗ್ತತಿ,” ಎಂದಳು ಗಂಗಾಂಬಿಕಾ.

“ನಾನಾ?”

“ಇಲ್ಲ, ನಿಮ್ಮ ಕಣಾನ ಕೇಳ್ಲಿ ಬಿಡ್ರಿ.”

ಎರಡು ದಿನ ಮುಖ ಗಂಟು ಹಾಕಿಕೊಂಡು ತಿರುಗಾಡಿದವನು ಮೂರನೆಯ ದಿನ ಒಂದು ಮೂಟೆ ಹೊಸ ಅಕ್ಕಿ ಕಾರಿಗೆ ಹಾಕಿಕೊಂಡು, ಮಗಳನ್ನೂ ಕೂರಿಸಿಕೊಂಡು ಟಿ.ಬಿ. ಡ್ಯಾಂಗೆ ಹೋದ. ಅಂಜಿನಯ್ಯ ಕ್ವಾರ್ಟರ್ಸಿನ ಬಾಗಿಲಲ್ಲೇ ಸಿಕ್ಕ. ಮಾಸಿದ ಬನಿಯನ್ನಿನ, ಸಣ್ಣ ದನಿಯ ಮನುಷ್ಯ.

“ಏನಿಲ್ಲ, ಆ ಭವನದ ಹಾಲು… ಹುಡುಗಿಗೆ ಹದಿನೈದು ದಿನ…” ಮಲ್ಲೇಶಪ್ಪನಿಗೆ ಮಾತು ಕೂಡಿಬರಲಿಲ್ಲ. ಊರಿಗೆಲ್ಲ ಮಾತು ಮಾರುವವನು!

“ಅಕ್ಕಿ ಯಾಕ್ರಿ ಸಾವಕಾರ್ರ? ಮನಿಗೆ ಒಯ್ರಿ,” ಎಂದ ಅಂಜಿನಯ್ಯ. “ನನ್ನ ಮಗಳು ನಿಮ್ಮ ಕಣದಾಗ ಆಡಿಲ್ಲೇನು? ಇದೂ ಹಂಗ. ಹುಡುಗೀನ್ನ ಕಳಿಸ್ರಿ.”

ಒಳಗೆ ಬಾಗಿಲ ಹಿಂದೆ ನಿಂತಿದ್ದ ದೇವಿಕಾ ಆಗ ಹೊರಗೆ ಬಂದಳು. ತ್ರಿವೇಣಿಯನ್ನು ಅಡಿಯಿಂದ ಮುಡಿಯ ತನಕ ನೋಡಿ, “ಐದೂವರಿಗೆ ಬಾಗಲಾ ತಗೀತಾರ. ತಡ ಆದ್ರ ನಾ ಕಾಯಂಗಿಲ್ಲ,” ಎಂದಳು.

ಸಪಾಟಿನಲ್ಲಿ ಡಬಲ್ ಮತ್ತೆ ಮೊದಲಿನಿಂದ ಕಲಿಯುವುದೆಂದರೆ ಮಾತೆ? ಗಂಗಾಂಬಿಕಾ ದಿನಾ ನಸುಕಿನಲ್ಲಿ ಬುತ್ತಿ ಕಟ್ಟಿದಳು, ಮಲ್ಲೇಶಪ್ಪ ಗೊಣಗುತ್ತ ಕಾರು ತೆಗೆದ. ಆ ಹಾಲಿನಲ್ಲಿ ತ್ರಿವೇಣಿ ಬಿದ್ದಷ್ಟು ಜನ್ಮದಲ್ಲಿ ಬಿದ್ದಿರಲಿಲ್ಲ. ದೇವಿಕಾಳ ಡಬಲ್ ಮಾತ್ರ ತನ್ನ ನೆಲಕ್ಕೆ ಬಂದೊಡನೆ ಮೀನು ನೀರಿಗೆ ಬಿದ್ದಂತೆ ಮರಳಿತು. ಅವಳು ಇವಳಿಗೆ ಒಂದು ಮಾತೂ ಹೇಳಿಕೊಡಲಿಲ್ಲ, ಇವಳೂ ಕೇಳಲಿಲ್ಲ. ಆದರೆ ಅವಳು ನೆಗೆಯುವಾಗಲೆಲ್ಲ ತ್ರಿವೇಣಿ ಕಣ್ಣು ಕೀಲಿಸಿ ನೋಡಿದಳು. ಇವಳಿಗೆ ಬಿಟ್ಟಿ ಗಳಿಗೆ ಬೇಕಿಲ್ಲ, ಯಾಕೆ? ನೆಗೆಯುವ ಮೊದಲು ಮೊಣಕಾಲು ಇನ್ನಷ್ಟು ಮಡಿಚುತ್ತಾಳೆ, ಕೈಗಳನ್ನು ಎದೆಗೆ ಬೇಗ ಎಳೆದುಕೊಳ್ಳುತ್ತಾಳೆ. ತ್ರಿವೇಣಿಯೂ ಮಡಿಚಿದಳು, ಎಳೆದುಕೊಂಡಳು. ಒಂದು ವಾರದ ಮೇಲೆ ನೆಲ ಬೇಗ ಬರುವುದು ನಿಂತಿತು. ಮತ್ತೂ ನಾಲ್ಕು ದಿನಕ್ಕೆ, ನೆಲಕ್ಕಿಂತ ತಾನೇ ಮೊದಲು ತಯಾರಿರುತ್ತಿದ್ದಳು.

ಇಳಿದು ನಿಂತ ಮೊದಲ ದಿನ ಬಾಗಿಲಲ್ಲಿದ್ದ ಮಲ್ಲೇಶಪ್ಪ ಚಪ್ಪಾಳೆ ತಟ್ಟಿಬಿಟ್ಟ. ದೇವಿಕಾ ಕುಡಿಯುತ್ತಿದ್ದ ನೀರಿನ ಬಾಟಲಿ ಕೆಳಗಿಟ್ಟು, ಎದ್ದು, ತಾನೂ ಒಂದು ಡಬಲ್ ಹಾಕಿದಳು. ಇವಳಿಗಿಂತ ಎತ್ತರಕ್ಕೆ.

ದಾವಣಗೆರೆಯ ದಿನ ಬಂತು. ಸಂಗಮ್ಮ ಹುಟ್ಟಾ ಇಂಥದ್ದಕ್ಕೆ ಹೋದವಳಲ್ಲ. ಅವತ್ತು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು.

ಆರು ಹುಡುಗಿಯರು, ಒಂದು ಜಾಗ. ದೇವಿಕಾಳ ಸರದಿ ಮೊದಲು. ಅವಳು ಅವತ್ತು ಒಂದು ಕೂದಲೆಳೆಯೂ ತಪ್ಪದೆ ಆಡಿದಳು. ಡಬಲ್ ಇಳಿದದ್ದಂತೂ ಎಲೆ ಇಳಿದಷ್ಟು ಹಗುರ. ಅಂಕ ಕೂಗಿದಾಗ ಹಾಲೆಲ್ಲ ಗುಜುಗುಜು ಎಂದಿತು. ಮಲ್ಲೇಶಪ್ಪ ತಲೆ ಹಿಡಿದುಕೊಂಡ. “ಸುಮ್ಮನಿದ್ದಿದ್ರ ಸಿಂಗಲ್ ಹಾಕ್ತಿದ್ಲು. ನಮ್ಮ ಕೈಯಾರ ನಾವ…”

“ಬಾಯಿ ಮುಚ್ಕೊಂಡು ಆಟ ನೋಡ್ರಿ,” ಎಂದಳು ಗಂಗಾಂಬಿಕಾ.

ಕಡೆಯ ಸರದಿ ತ್ರಿವೇಣಿಯದು. ಈಶ್ವರ್ ಸರ್ ಅವಳ ಭುಜ ಹಿಡಿದು, “ಒಂದು ಡಬಲ್ ಸಾಕಾಗಂಗಿಲ್ಲ ಇನ್ನ. ಎರಡು ಹಾಕ್ತಿಯೇನ? ಕಡೀಗೆ ದಣಿವಾಗಿರ್ತತಿ. ಬಿದ್ರ ಎಲ್ಲಾ ಹೋತು,” ಎಂದರು.

“ಹಾಕ್ತೀನಿ ಸರ್.”

ಮೊದಲನೆಯದು ಸಲೀಸು. ಸುತ್ತಿದಳು, ಬಾಗಿದಳು, ಒಂಟಿಕಾಲಿನ ಮೇಲೆ ಬುಗುರಿಯಾದಳು. ಹಾಡಿನ ಕೊನೆಗೆ ತೊಡೆಗಳು ಉರಿಯತೊಡಗಿದವು. ದೇವಿಕಾಳ ಅಂಕ ಎದುರಿನ ಹಲಗೆಯ ಮೇಲೇ ಇತ್ತು. ಅದನ್ನು ನೋಡಿದಳು, ನೋಡಿದ್ದಕ್ಕೇ ಮೊಣಕಾಲು ಇನ್ನಷ್ಟು ಮಡಿಚಿ ನೆಗೆದಳು. ಒಂದು ಸುತ್ತು. ಎರಡು. ನೆಲ ಬರಬೇಕಾದ ಹೊತ್ತಿಗೆ ಬಂತು, ಅವಳು ಅದರ ಮೇಲೆ ನಿಂತಳು.

ಅರ್ಧ ಅಂಕದಿಂದ ಗೆದ್ದಳು.

ಮಲ್ಲೇಶಪ್ಪ ಸಿಕ್ಕಸಿಕ್ಕವರ ಕೈ ಕುಲುಕಿದ. ಸಂಗಮ್ಮ ಮೊಮ್ಮಗಳ ಎರಡೂ ಕೆನ್ನೆಗೆ ಲಟಿಕೆ ಮುರಿದಳು. ಗಂಗಾಂಬಿಕಾ ಅತ್ತಳು, ಅತ್ತದ್ದಕ್ಕೆ ಗಂಡನನ್ನು ಬೈದಳು. ಆ ಗದ್ದಲದಿಂದ ತಪ್ಪಿಸಿಕೊಂಡು ತ್ರಿವೇಣಿ ಬುತ್ತಿ ಹಿಡಿದು ಹೊರಗೆ ಬಂದರೆ, ಮೆಟ್ಟಿಲ ಮೇಲೆ ದೇವಿಕಾ ಒಬ್ಬಳೇ ಕೂತಿದ್ದಳು. ಕಣ್ಣು ಕೆಂಪಗಿದ್ದವು.

ತ್ರಿವೇಣಿ ಪಕ್ಕದಲ್ಲಿ ಕೂತಳು. “ರೊಟ್ಟಿ ತಿಂತಿಯೇನ?”

“ಬ್ಯಾಡ.” ದೇವಿಕಾ ಬುತ್ತಿಯನ್ನು ಆಚೆ ಸರಿಸಿದಳು. “ನೀ ಅವತ್ತು ಹೇಳಬಾರದಿತ್ತು.”

“ಯಾಕ?”

“ಹೇಳದಿದ್ರ ಸಿಂಗಲ್ ಹಾಕಿ ಸೋಲ್ತಿದ್ದೆ. ನಿಮ್ಮ ಕಣಕ್ಕ ಬಂದು ನನ್ನ ಆಟ ಕೆಡ್ತು ಅಂತ ಸಾಯೋಮಟ ಬೈಕೊಂತ ಇರ್ತಿದ್ದೆ. ಇವತ್ತು ಒಂದ ತಪ್ಪಿಲ್ದಂಗ ಆಡೀನಿ. ಆದ್ರೂ ಸೋತೆ. ಈಗ ಇದನ್ನ ಯಾರ ಮ್ಯಾಲ ಹಾಕ್ಲಿ, ಹೇಳು?”

ಅರ್ಧ ಅಂಕ ತಾನೆ ಅನ್ನಬಹುದಿತ್ತು. ಮುಂದಿನ ಸಲ ನೀನೇ ಅನ್ನಬಹುದಿತ್ತು. ಆ ಮಾತುಗಳು ತ್ರಿವೇಣಿಯ ಬಾಯಿಗೂ ಬಂದವು. ಅವನ್ನು ನುಂಗಿದಳು.

“ನನ್ನ ಮ್ಯಾಲ ಹಾಕು,” ಎಂದಳು. “ಸೋಲಿಸಿದಾಕಿ ನಾನು.”

ದೇವಿಕಾ ಕತ್ತು ತಿರುಗಿಸಿ ಅವಳನ್ನು ದಿಟ್ಟಿಸಿದಳು. ಅಷ್ಟು ವರ್ಷಗಳಲ್ಲಿ ಅವರು ಒಬ್ಬರ ಮುಖ ಒಬ್ಬರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

“ಹಾಕ್ತೀನಿ ತಡಿ,” ಎಂದು ದೇವಿಕಾ ಮೂಗು ಒರೆಸಿಕೊಂಡು, ಖಾರದ ಚಟ್ನಿಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.